ಮೊದಲ ಮೆಟ್ಟಿಲಿಲ್ಲದ ಏಣಿ

ಬೈಬಲನ್ನು ಅಧ್ಯಯನ ಮಾಡುವುದೇ ಬೇರೆ, ಅದನ್ನು ಹಿಡಿದು ಪ್ರಾರ್ಥಿಸುವುದೇ ಬೇರೆ ಎಂಬ ಮಾತನ್ನು ಕ್ರೈಸ್ತ ವಲಯದಲ್ಲಿ ಈಗ ಪ್ರಶ್ನಿಸುವವರು ಕಡಿಮೆ. ಅಧ್ಯಯನ ಸೆಮಿನರಿಯವರಿಗೆ, ಪ್ರಾರ್ಥನೆ ಭಕ್ತರಿಗೆ ಎಂದು ಪಾಲೂ ಆಗಿಹೋಗಿದೆ. ಧ್ಯಾನಕೂಟಗಳಲ್ಲಿ, ಕೈಪಿಡಿಗಳಲ್ಲಿ, ಮೊಬೈಲ್ ಆ್ಯಪ್‌ಗಳಲ್ಲಿ ‘ಲೆಕ್ಸಿಯೊ ದಿವೀನಾ’ (ದಿವ್ಯ ಪಠಣ) ಎಂಬ ಲ್ಯಾಟಿನ್ ಹೆಸರಿನಲ್ಲಿ ಕಲಿಸುವ ಕ್ರಮ ಎಲ್ಲೆಡೆ ಹೆಚ್ಚುಕಡಿಮೆ ಒಂದೇ. ನಾಲ್ಕೈದು ವಚನಗಳ ಒಂದು ತುಣುಕನ್ನು ಆರಿಸಿಕೊಳ್ಳಬೇಕು. ನಿಧಾನವಾಗಿ ಎರಡು ಮೂರು ಸಲ ಓದಬೇಕು. ಯಾವ ಪದ ಮನಸ್ಸಿಗೆ ನಾಟುತ್ತದೋ ಅಲ್ಲಿ ನಿಂತು, ಅದು ಇವತ್ತು ನನಗೇನು ಹೇಳುತ್ತಿದೆ ಎಂದು ಕೇಳಿಕೊಳ್ಳಬೇಕು. ಅದನ್ನೇ ಪ್ರಾರ್ಥನೆಯಾಗಿಸಿ ಕೊನೆಗೆ ಮೌನವಾಗಬೇಕು. ಓದು, ಮನನ, ಪ್ರಾರ್ಥನೆ, ದರ್ಶನ ಎಂದು ನಾಲ್ಕು ಮೆಟ್ಟಿಲು. ಜೊತೆಗೊಂದು ಎಚ್ಚರಿಕೆಯೂ ತಪ್ಪದೆ ಬರುತ್ತದೆ: ಇದು ಅಧ್ಯಯನವಲ್ಲ, ವಿಶ್ಲೇಷಿಸಲು ಹೋಗಬೇಡಿ, ಯಾರು ಯಾರಿಗೆ ಯಾವಾಗ ಬರೆದರೆಂದು ತಲೆ ಕೆಡಿಸಿಕೊಳ್ಳಬೇಡಿ. ಬುದ್ಧಿಯನ್ನು ಚಪ್ಪಲಿಯ ಜೊತೆ ಹೊರಗೆ ಬಿಟ್ಟು ಒಳಗೆ ಬನ್ನಿ ಎಂದ ಹಾಗೆ. ಕೇಳಲು ಹಿತವಾಗಿರುವ ಈ ಸಲಹೆಗೆ ಸಾವಿರದೈನೂರು ವರ್ಷಗಳ ಪರಂಪರೆಯ ಮುದ್ರೆಯನ್ನೂ ಒತ್ತುತ್ತಾರೆ. ನನ್ನ ತಕರಾರು ಆ ಮುದ್ರೆಯ ಬಗ್ಗೆ. ಪರಂಪರೆ ಹೇಳುವುದು ಇದಕ್ಕೆ ತದ್ವಿರುದ್ಧ. ಪಠ್ಯ ತನ್ನಷ್ಟಕ್ಕೆ ಏನು ಹೇಳುತ್ತದೆಂದು ಬೆವರು ಸುರಿಸಿ ತಿಳಿಯುವುದೇ ಅಲ್ಲಿ ಪ್ರಾರ್ಥನೆಯ ಮೊದಲರ್ಧ. ಅದನ್ನು ಬಿಟ್ಟು ಕೂತವನಿಗೆ ಕೇಳಿಸುವುದು ಬಹುಪಾಲು ಅವನದೇ ದನಿ.

ನಾಲ್ಕು ಮೆಟ್ಟಿಲುಗಳ ಲೆಕ್ಕ ಕೊಟ್ಟವರನ್ನೇ ಮೊದಲು ಕೇಳೋಣ. ಫ್ರಾನ್ಸಿನ ಆಲ್ಪ್ಸ್ ಬೆಟ್ಟಗಳಲ್ಲಿ, ಗ್ರೆನೋಬಲ್ ಪಟ್ಟಣದ ಹತ್ತಿರ, 1084ರಲ್ಲಿ ಸಂತ ಬ್ರೂನೊ ಆರಂಭಿಸಿದ ಗ್ರಾಂದ್ ಶಾರ್ಟ್ರೂಸ್ ಮಠವಿದೆ. 12ನೆಯ ಶತಮಾನದಲ್ಲಿ ಅದರ ಒಂಬತ್ತನೆಯ ಮಠಾಧಿಪತಿಯಾಗಿದ್ದ ಎರಡನೆಯ ಗೀಗೊ, ಗೆರ್ವಾಸ್ ಎಂಬ ಸೋದರನಿಗೆ ಬರೆದ ಪತ್ರವೇ ‘ಸನ್ಯಾಸಿಗಳ ಏಣಿ’. ಚಿಕ್ಕ ಪುಸ್ತಕ. ಅದು ಎಷ್ಟು ಹರಡಿತೆಂದರೆ ಕೆಲವರು ಅದನ್ನು ಸಂತ ಅಗಸ್ಟೀನರದೆಂದರು, ಕೆಲವರು ಬರ್ನಾರ್ಡರದೆಂದರು. ಈ ಪುಸ್ತಕದಲ್ಲಿ ಓದು ಎಂದರೆ ಮನಸ್ಸನ್ನು ಪೂರ್ತಿ ಕೊಟ್ಟು ಪವಿತ್ರ ಗ್ರಂಥವನ್ನು ಶ್ರದ್ಧೆಯಿಂದ ಪರಿಶೀಲಿಸುವುದು. ಮನನವೆಂದರೆ ಸ್ವಂತ ವಿವೇಚನೆಯನ್ನು ದಾರಿದೀಪ ಮಾಡಿಕೊಂಡು, ಮರೆಯಲ್ಲಿರುವ ಸತ್ಯವನ್ನು ಹುಡುಕುವ ಬುದ್ಧಿಯ ದುಡಿಮೆ. ವಿವೇಚನೆ, ಬುದ್ಧಿ, ದುಡಿಮೆ ಎಂಬ ಮಾತುಗಳು ನನ್ನ ಸೇರ್ಪಡೆಯಲ್ಲ, ಗೀಗೊ ಅವರವೇ. ಉದಾಹರಣೆಗೆ ಅವರು ಎತ್ತಿಕೊಳ್ಳುವುದು ಶುದ್ಧ ಹೃದಯದವರಿಗೆ ದೇವರ ದರ್ಶನವಾಗುತ್ತದೆ ಎಂಬ ಬೆಟ್ಟದ ಉಪದೇಶದ ವಾಕ್ಯವನ್ನು. ದ್ರಾಕ್ಷಿ ಹಣ್ಣಿನಂತೆ ಅದನ್ನು ಬಾಯಿಗೆ ಹಾಕಿಕೊಂಡು ಅಗಿಯಬೇಕು ಎನ್ನುತ್ತಾರೆ. ಅಗಿಯುವುದು ಹೇಗೆ? ಮೊದಲು ಪ್ರಶ್ನೆ: ಶುದ್ಧ ದೇಹ ಎನ್ನದೆ ಶುದ್ಧ ಹೃದಯ ಎಂದೇಕೆ ಹೇಳಿದೆ? ಕೈ ಕೆಟ್ಟದ್ದು ಮಾಡದಿದ್ದರೆ ಸಾಲದು, ಯೋಚನೆಯೂ ತಿಳಿಯಾಗಬೇಕು ಎಂಬ ಉತ್ತರ ಹೊಳೆಯುತ್ತದೆ. ಹೊಳೆದದ್ದಕ್ಕೆ ಆಧಾರ ಬೇಕಲ್ಲ; ಪ್ರಭುವಿನ ಬೆಟ್ಟವನ್ನು ಹತ್ತುವವರು ಯಾರೆಂದು ಕೇಳುವ 24ನೆಯ ಕೀರ್ತನೆ ಸಾಕ್ಷಿಗೆ ಬರುತ್ತದೆ. ಶುದ್ಧ ಹೃದಯವನ್ನು ಬೇಡುವ 51ನೆಯ ಕೀರ್ತನೆ ಬರುತ್ತದೆ. ಕಣ್ಣಿನೊಡನೆ ಕರಾರು ಮಾಡಿಕೊಂಡ ಯೋಬ ಬರುತ್ತಾನೆ. ಆಮೇಲೆ ಗೀಗೊ ವಾಕ್ಯದ ಉತ್ತರಾರ್ಧಕ್ಕೆ ತಿರುಗಿ, ದೇವರನ್ನು ಕಾಣುವುದೆಂದರೆ ಎಂಥ ಫಲ ಎಂದು ಹಾಗೆಯೇ ಶೋಧಿಸುತ್ತಾರೆ. ಪ್ರಾರ್ಥನೆ ಹುಟ್ಟುವುದು ಇಷ್ಟೆಲ್ಲ ಆದಮೇಲೆ, ಇದರ ಬಿಸಿಯಿಂದ. ಒಂದು ವಾಕ್ಯಕ್ಕೆ ಮೂರು ಕಡೆಯಿಂದ ಸಾಕ್ಷಿ ಕರೆಯಬಲ್ಲ ಮನುಷ್ಯನ ಮನನವನ್ನು, ಇವತ್ತು ನನಗೆ ನಾಟಿದ ಪದ ಎಂಬುದರೊಡನೆ ಸಮ ಮಾಡುವುದು ಹೇಗೆ? ಮನನವಿಲ್ಲದ ಓದು ಒಣ ಓದು ಎಂಬ ಗೀಗೊ ಅವರ ಅಭಿಪ್ರಾಯವನ್ನು ಧ್ಯಾನಕೂಟಗಳಲ್ಲಿ ಧಾರಾಳವಾಗಿ ಉದ್ಧರಿಸುತ್ತಾರೆ. ಅದರ ಜೋಡಿ ಮಾತು, ಓದಿಲ್ಲದ ಮನನ ತಪ್ಪುದಾರಿ ಹಿಡಿಯುತ್ತದೆ ಎಂಬುದು, ಅದೇಕೋ ಅಲ್ಲಿ ಕೇಳಿಬರುವುದಿಲ್ಲ.

ಗೀಗೊ ಅವರಿಗಿಂತ ಸುಮಾರು ಆರು ಶತಮಾನ ಹಿಂದಿನ ಸಂತ ಬೆನೆಡಿಕ್ಟರ ನಿಯಮಾವಳಿಯಲ್ಲಿ ನಾಲ್ಕು ಮೆಟ್ಟಿಲುಗಳ ಸುದ್ದಿಯೇ ಇಲ್ಲ. ದಿವ್ಯ ಪಠಣ ಅಲ್ಲಿ ಬರುವುದು 48ನೆಯ ಅಧ್ಯಾಯದಲ್ಲಿ; ಆ ಅಧ್ಯಾಯದ ವಿಷಯವೇ ದಿನನಿತ್ಯದ ಕೈಕೆಲಸ. ಹೊಲದ ಕೆಲಸಕ್ಕೆ ಇಷ್ಟು ಹೊತ್ತು, ಓದಿಗೆ ಇಷ್ಟು ಹೊತ್ತು ಎಂದು ಋತುಮಾನಕ್ಕೆ ತಕ್ಕಂತೆ ವೇಳಾಪಟ್ಟಿ ಹಾಕಿದ್ದಾರೆ. ಓದು ವಿಶ್ರಾಂತಿಯ ಖಾತೆಯಲ್ಲಿಲ್ಲ, ಕೆಲಸದ ಖಾತೆಯಲ್ಲಿದೆ. ಮಧ್ಯಾಹ್ನ ಊಟವಾದ ಮೇಲೆ ಹಾಸಿಗೆಯಲ್ಲಿ ಓದಬಯಸುವವನು ಪಕ್ಕದವನಿಗೆ ತೊಂದರೆಯಾಗದಂತೆ ಓದಿಕೊಳ್ಳಬೇಕು ಎಂಬ ಸೂಚನೆಯಿದೆ. ಅಂದರೆ ಓದು ಬಾಯಿಯ ಕೆಲಸವೂ ಆಗಿತ್ತು. ತಪಸ್ಸುಕಾಲ ಬಂದಾಗ ಪ್ರತಿಯೊಬ್ಬರಿಗೂ ಗ್ರಂಥಾಲಯದಿಂದ ಒಂದೊಂದು ಗ್ರಂಥ ಕೊಡಬೇಕು, ಅದನ್ನು ಮೊದಲಿಂದ ಕೊನೆಯವರೆಗೆ ಕ್ರಮವಾಗಿ, ಪೂರ್ತಿಯಾಗಿ ಓದಬೇಕು. ಇನ್ನೂ ಸೊಗಸಾದದ್ದು ಮುಂದಿನ ಏರ್ಪಾಡು: ಓದಿನ ಹೊತ್ತಿನಲ್ಲಿ ಒಬ್ಬಿಬ್ಬರು ಹಿರಿಯರು ಮಠದಲ್ಲಿ ಸುತ್ತು ಹಾಕಿ, ಯಾರಾದರೂ ಓದು ಬಿಟ್ಟು ಹರಟುತ್ತ, ಸೋಮಾರಿಯಾಗಿ ಕೂತಿದ್ದಾರೆಯೇ ಎಂದು ನೋಡಬೇಕು. ಮನಸ್ಸಿಗೆ ಹಿತವೆನಿಸಿದಲ್ಲಿ ನಿಂತು ಆನಂದಿಸುವ ಓದಿಗೆ ಕಾವಲುಗಾರರು ಬೇಕಾಗುವುದಿಲ್ಲ. ಬೇಸರ ಬರುವಷ್ಟು ಉದ್ದದ, ಕಷ್ಟದ ಓದು ಅದಾಗಿದ್ದರಿಂದಲೇ ಕಾವಲು ಬೇಕಾಯಿತು. ಇದರ ಜೊತೆಗೆ 150 ಕೀರ್ತನೆಗಳೂ ವಾರಕ್ಕೊಮ್ಮೆ ಹಾಡಿ ಮುಗಿಯಬೇಕು. ಪೂರ್ವಿಕರು ಒಂದೇ ದಿನದಲ್ಲಿ ಮುಗಿಸುತ್ತಿದ್ದುದನ್ನು ನಾವು ವಾರಕ್ಕಾದರೂ ಮುಗಿಸದಿದ್ದರೆ ಹೇಗೆ ಎಂಬುದು ಬೆನೆಡಿಕ್ಟರ ಧಾಟಿ. ಇಷ್ಟ ಬಂದದ್ದನ್ನು ಆರಿಸಿಕೊಳ್ಳುವ ಅವಕಾಶವೇ ಇಲ್ಲ. ಸಿಟ್ಟಿನ ಕೀರ್ತನೆ, ಶಾಪದ ಕೀರ್ತನೆ, ಅರ್ಥವಾಗದ ಕೀರ್ತನೆ ಎಲ್ಲವೂ ಸರದಿಯಂತೆ ಬರುತ್ತವೆ. (1970ರ ದಶಕದ ಆರಂಭದಲ್ಲಿ ಕ್ಯಾಥೋಲಿಕ್ ಸಭೆಯ ಪರಿಷ್ಕೃತ ದೈನಂದಿನ ಪ್ರಾರ್ಥನಾ ಗ್ರಂಥ ಹೊರಬಂದಾಗ 58, 83, 109ನೆಯ ಕೀರ್ತನೆಗಳನ್ನು ಶಾಪವಚನಗಳ ಕಾರಣಕ್ಕೆ ಸಂಪೂರ್ಣ ಕೈಬಿಟ್ಟರು. ಹಿತವಾದದ್ದನ್ನಷ್ಟೇ ಆರಿಸಿಕೊಳ್ಳುವ ಚಟ ಭಕ್ತರದು ಮಾತ್ರವಲ್ಲ.)

ಒಂದೇ ವಚನವನ್ನು ಹಿಡಿದು ಕೂರುವುದೂ ಪ್ರಾಚೀನವೇ ಅಲ್ಲವೇ ಎಂದು ಕೇಳಬಹುದು. ಹೌದು. 5ನೆಯ ಶತಮಾನದ ಆರಂಭದಲ್ಲಿ ಈಜಿಪ್ಟಿನ ಮರುಭೂಮಿಯ ಹಿರಿಯರ ಮಾತುಗಳನ್ನು ಬರೆದಿಟ್ಟ ಜಾನ್ ಕ್ಯಾಸಿಯನ್ನರ ‘ಸಂವಾದಗಳು’ ಗ್ರಂಥದ ಹತ್ತನೆಯ ಸಂವಾದದಲ್ಲಿ ಅಬ್ಬಾ ಐಸಾಕ್ ಅದನ್ನೇ ಕಲಿಸುತ್ತಾರೆ: ದೇವರೇ ನೆರವಿಗೆ ಬಾ ಎಂದು ಕರೆಯುವ 70ನೆಯ ಕೀರ್ತನೆಯ ಮೊದಲ ಸಾಲನ್ನು ಉಣ್ಣುವಾಗ, ನಿದ್ದೆ ಬಾರದಾಗ, ಸಿಟ್ಟು ನೆತ್ತಿಗೇರಿದಾಗ, ಜಂಬ ತಲೆಯೆತ್ತಿದಾಗ ಬಿಡದೆ ಜಪಿಸಬೇಕು. ಆದರೆ ಈ ಪಾಠ ಯಾರಿಗೆ? ಕೀರ್ತನೆಗಳನ್ನು ದಿನವೂ ಹಾಡುತ್ತಿದ್ದವರಿಗೆ. ಪಾಠ ಮುಗಿಯುವುದೂ ಆ ಒಂದು ಸಾಲಿನಲ್ಲಿ ಅಲ್ಲ. ಹೀಗೆ ಸಾಗಿದ ಸನ್ಯಾಸಿ ಕ್ರಮೇಣ ಕೀರ್ತನೆಗಳ ಭಾವಗಳನ್ನೆಲ್ಲ ಒಳಗೆ ತೆಗೆದುಕೊಂಡು, ಅವನ್ನು ತಾನೇ ರಚಿಸಿದಂತೆ ಹಾಡತೊಡಗುತ್ತಾನೆ ಎನ್ನುತ್ತಾರೆ ಐಸಾಕ್. ಬೆಳೆಯಬೇಕಾದವನು ಓದುಗ, ಕೀರ್ತನೆಯ ಅಳತೆಗೆ ಅವನು ಬರಬೇಕು. ಈಗಿನ ರೂಢಿಯಲ್ಲಿ ಕೀರ್ತನೆಯನ್ನೇ ಕತ್ತರಿಸಿ ಓದುಗನ ಅಂದಿನ ಮನಸ್ಥಿತಿಯ ಅಳತೆಗೆ ತರಲಾಗುತ್ತದೆ. ಹದಿನಾಲ್ಕನೆಯ ಸಂವಾದದಲ್ಲಿ ಕ್ಯಾಸಿಯನ್ನರು ತಮ್ಮದೇ ಒಂದು ಗೋಳನ್ನು ತೋಡಿಕೊಳ್ಳುತ್ತಾರೆ. ಚಿಕ್ಕಂದಿನಲ್ಲಿ ಗುರುಗಳು ಬಾಯಿಪಾಠ ಮಾಡಿಸಿದ ಕವಿಗಳ ಕಥೆಗಳು, ಯುದ್ಧವರ್ಣನೆಗಳು ಕೀರ್ತನೆ ಹಾಡುವಾಗಲೂ ತಲೆಯಲ್ಲಿ ಕುಣಿಯುತ್ತವೆ, ಏನು ಮಾಡಲಿ? ಅಬ್ಬಾ ನೆಸ್ಟೆರೋಸ್ ಅವರಿಗೆ ಮನಸ್ಸನ್ನು ಖಾಲಿ ಮಾಡು ಎನ್ನುವುದಿಲ್ಲ. ಆ ಕಾವ್ಯಗಳನ್ನು ಕಲಿಯಲು ಪಟ್ಟ ಶ್ರಮವನ್ನೇ ಪವಿತ್ರ ಗ್ರಂಥಕ್ಕೂ ಹಾಕು, ಮನಸ್ಸು ಸುಮ್ಮನಿರುವ ಜಾತಿಯದಲ್ಲ, ಅದಕ್ಕೆ ಬೇರೆ ಮೇವು ಕೊಡದೆ ಹಳೆಯದು ಹೋಗುವುದಿಲ್ಲ ಎಂಬುದು ಅವರ ಔಷಧಿಯ ಸಾರ. ಕವಿಗಳ ಜಾಗದಲ್ಲಿ ನಮಗೆ ರೀಲುಗಳೂ ಜಾಹೀರಾತಿನ ಹಾಡುಗಳೂ ಇವೆ, ಅಷ್ಟೇ ವ್ಯತ್ಯಾಸ. ಇವನ್ನು ತುಂಬಿಕೊಂಡ ತಲೆಯ ಮುಂದೆ ನಾಲ್ಕು ವಚನ ಇಟ್ಟು, ನಿನಗೇನು ಹೊಳೆಯುತ್ತದೆ ಎಂದು ಕೇಳಿದರೆ ಹೊಳೆಯುವುದು ಒಳಗೆ ಏನಿದೆಯೋ ಅದೇ.

ಏನು ಹೊಳೆಯುತ್ತದೆ ಎನ್ನುವುದಕ್ಕೆ ಒಂದೇ ನಿದರ್ಶನವನ್ನು ಬಿಡಿಸಿ ನೋಡೋಣ. ಕರ್ನಾಟಕದ ಅನೇಕ ಸಭೆಗಳಲ್ಲಿ ಹೊಸ ವರ್ಷದ ಆರಾಧನೆಯಲ್ಲಿ ವಾಗ್ದಾನದ ವಚನ ಕೊಡುವ ಪದ್ಧತಿಯಿದೆ. ಕಾರ್ಡುಗಳಲ್ಲಿ, ಕ್ಯಾಲೆಂಡರುಗಳಲ್ಲಿ, ಧ್ಯಾನಕೂಟದ ಗೋಡೆಗಳಲ್ಲಿ ಅತಿ ಹೆಚ್ಚು ಕಾಣಸಿಗುವ ವಚನಗಳಲ್ಲಿ ಯೆರೆಮೀಯ 29:11 ಒಂದು. ನಿಮ್ಮ ಬಗ್ಗೆ ನಾನು ಮಾಡಿರುವ ಯೋಜನೆ ನನಗೆ ಗೊತ್ತು, ಅದು ಕೇಡಿನದಲ್ಲ, ಹಿತದ್ದು, ನಿರೀಕ್ಷೆಯದು ಎಂಬರ್ಥದ ದೇವರ ಮಾತು. ಇದನ್ನು ಮೂರು ಸಲ ನಿಧಾನವಾಗಿ ಓದಿ ಕಣ್ಣು ಮುಚ್ಚಿದವನಿಗೆ ಬರಲಿರುವ ನೌಕರಿ, ಮಗಳ ಮದುವೆ, ವೀಸಾ, ಆಪರೇಷನ್ನಿನ ಫಲಿತಾಂಶ ನೆನಪಾಗುವುದು ಸಹಜ. ಈಗ ಒಂದೇ ಒಂದು ವಚನ ಹಿಂದಕ್ಕೆ ಸರಿದರೆ ಸಾಕು: ಬಾಬಿಲೋನಿಗೆ 70 ವರ್ಷ ತುಂಬಿದ ಮೇಲೆ ಎಂದಿದೆ. ಅಧ್ಯಾಯದ ಆರಂಭಕ್ಕೆ ಹೋದರೆ ಇದೊಂದು ಪತ್ರ ಎಂದು ತಿಳಿಯುತ್ತದೆ. ಕ್ರಿ.ಪೂ. 597ರಲ್ಲಿ ಅರಸ ಯೆಕೊನ್ಯನ ಜೊತೆ ಸೆರೆಹೋದ ಜನಕ್ಕೆ ಪ್ರವಾದಿ ಜೆರುಸಲೇಮಿನಿಂದ ಕಳಿಸಿದ್ದು: ಅಲ್ಲೇ ಮನೆ ಕಟ್ಟಿಕೊಳ್ಳಿ, ತೋಟ ಹಾಕಿ, ಮಕ್ಕಳಿಗೆ ಮದುವೆ ಮಾಡಿ, ನಿಮ್ಮನ್ನು ಹಿಡಿದೊಯ್ದ ಆ ಊರಿಗೇ ಒಳಿತನ್ನು ಬೇಡಿ. ಪತ್ರ ಕೇಳಿಸಿಕೊಂಡ ವಯಸ್ಕರಲ್ಲಿ ಹೆಚ್ಚಿನವರು ಊರಿಗೆ ಮರಳದೆ ಅಲ್ಲೇ ಮಣ್ಣಾಗಬೇಕಾದವರು. ಇನ್ನೊಂದು ಅಧ್ಯಾಯ ಹಿಂದೆ ಹೋದರೆ ಹನನ್ಯನೆಂಬ ಮತ್ತೊಬ್ಬ ಪ್ರವಾದಿ ಸಿಗುತ್ತಾನೆ. ಯೆರೆಮೀಯನ ಹೆಗಲ ಮೇಲಿದ್ದ ನೊಗವನ್ನು ಕಿತ್ತು ಮುರಿದು, ಎರಡೇ ವರ್ಷದಲ್ಲಿ ಎಲ್ಲ ಸರಿಹೋಗುತ್ತದೆ ಎಂದು ದೇವಾಲಯದಲ್ಲಿ ಜನರೆದುರು ಸಾರಿದವನು. ಹಿತವಾದ ಮಾತು ಅವನದು. ಗ್ರಂಥ ಅವನನ್ನು ಸುಳ್ಳು ಪ್ರವಾದಿ ಎನ್ನುತ್ತದೆ. ಅದೇ ವರ್ಷದ ಏಳನೆಯ ತಿಂಗಳಲ್ಲಿ ಅವನು ಸತ್ತ. ಎಂದರೆ 11ನೆಯ ವಚನ ಬರೆದದ್ದೇ ಬೇಗ ಒಳ್ಳೆಯದಾಗುತ್ತದೆ ಎಂಬ ಭರವಸೆಯ ವಿರುದ್ಧ. ಅದನ್ನು ಕತ್ತರಿಸಿ ತೆಗೆದು ಧ್ಯಾನಿಸಿದವನು ಯೆರೆಮೀಯನ ಹೆಸರಿನಲ್ಲಿ ಹನನ್ಯನ ಸಂದೇಶ ಕೇಳಿಸಿಕೊಂಡು ಸಮಾಧಾನವಾಗಿ ಎದ್ದುಹೋಗುತ್ತಾನೆ. ಎಷ್ಟೇ ನಿಧಾನವಾಗಿ ಓದಿದರೂ, ಎಷ್ಟೇ ಆಳದ ಮೌನದಲ್ಲಿ ಕೂತರೂ ಈ ತಪ್ಪು ತಿದ್ದಿಕೊಳ್ಳುವುದಿಲ್ಲ. ತಿದ್ದುವುದು 10ನೆಯ ವಚನ ಮತ್ತು 28ನೆಯ ಅಧ್ಯಾಯ. ಅಲ್ಲದೆ ಪೂರ್ತಿ ಓದಿದವನಿಗೆ ನಷ್ಟವೇನೂ ಇಲ್ಲ. ಪರಕೀಯ ಊರಲ್ಲಿ, ತನ್ನ ಆಯುಸ್ಸಿಗೆ ಮೀರಿದ ಒಳಿತಿಗಾಗಿ ತೋಟ ಹಾಕುವ ನಿರೀಕ್ಷೆಗೆ ಹುಟ್ಟುವ ಪ್ರಾರ್ಥನೆ, ವೀಸಾ ಸಿಗಲೆಂಬ ಪ್ರಾರ್ಥನೆಗಿಂತ ಬಹಳ ದೊಡ್ಡದು.

ಪವಿತ್ರಾತ್ಮರು ವ್ಯಾಕರಣ, ಇತಿಹಾಸಗಳ ಅನುಮತಿ ಕೇಳಿ ಮಾತಾಡುವುದಿಲ್ಲವಲ್ಲ ಎಂಬುದು ಮುಖ್ಯ ಆಕ್ಷೇಪ. ಅದಕ್ಕೆ ಕೊಡುವ ನಿದರ್ಶನಗಳೂ ಪ್ರಸಿದ್ಧ. 386ರಲ್ಲಿ ಮಿಲಾನಿನ ತೋಟವೊಂದರಲ್ಲಿ ಅಗಸ್ಟೀನರು ಮಗುವಿನ ದನಿ ಕೇಳಿ ಪುಸ್ತಕ ಬಿಚ್ಚಿದರು, ಕಣ್ಣಿಗೆ ಬಿದ್ದ ಮೊದಲ ಸಾಲುಗಳು ಬದುಕನ್ನೇ ತಿರುಗಿಸಿದವು. ಅದಕ್ಕೂ ನೂರಕ್ಕೂ ಹೆಚ್ಚು ವರ್ಷ ಮೊದಲು ಈಜಿಪ್ಟಿನ ಅಂತೋಣಿಯವರು ಚರ್ಚಿಗೆ ಕಾಲಿಟ್ಟಾಗ, ಇದ್ದದ್ದನ್ನೆಲ್ಲ ಮಾರಿ ಬಡವರಿಗೆ ಕೊಡು ಎಂಬ ಶುಭಸಂದೇಶ ಓದಲಾಗುತ್ತಿತ್ತು, ಅವರು ಹಾಗೆಯೇ ಮಾಡಿದರು. ಒಂದು ತುಣುಕು ಸಾಕಾಯಿತು ಎಂಬುದು ವಾದ. ಮೂಲವನ್ನು ತೆರೆದು ನೋಡಿದರೆ ಎರಡೂ ನಿದರ್ಶನ ಈ ವಾದದ ಕೈಬಿಡುತ್ತವೆ. ಅಂತೋಣಿಯವರ ಚರಿತ್ರೆ ಬರೆದ ಅಥನಾಸಿಯಸ್ಸರು ಹೇಳುವಂತೆ, ಆ ದಿನ ಚರ್ಚಿಗೆ ನಡೆದುಬರುವಾಗಲೇ ಅವರು ಯೋಚಿಸುತ್ತಿದ್ದದ್ದು ಪ್ರೇಷಿತರು ಎಲ್ಲ ಬಿಟ್ಟು ಕ್ರಿಸ್ತರ ಹಿಂದೆ ಹೋದದ್ದನ್ನು, ಪ್ರೇಷಿತರ ಕಾರ್ಯಕಲಾಪಗಳಲ್ಲಿ ಜನ ಆಸ್ತಿ ಮಾರಿ ಪ್ರೇಷಿತರ ಪಾದದ ಬಳಿ ಇಟ್ಟದ್ದನ್ನು. ವಾಚನ ಬಂದು ಬಿದ್ದದ್ದು ಆ ಉತ್ತ ನೆಲದ ಮೇಲೆ. ಅಗಸ್ಟೀನರ ‘ನಿವೇದನೆಗಳು’ ಕೃತಿಯ ಎಂಟನೆಯ ಭಾಗದಲ್ಲಿ ತೋಟದ ಪ್ರಸಂಗಕ್ಕೆ ಮೊದಲು ಒಂದು ಚಿಕ್ಕ ದೃಶ್ಯವಿದೆ. ಪೊಂತಿಸಿಯಾನಸ್ ಎಂಬ ಅತಿಥಿ ಬಂದವನು ಆಟದ ಮೇಜಿನ ಮೇಲಿದ್ದ ಪುಸ್ತಕವನ್ನು ಎತ್ತಿ ನೋಡುತ್ತಾನೆ. ಅಲಂಕಾರಶಾಸ್ತ್ರದ ಮೇಷ್ಟ್ರ ಮನೆಯಲ್ಲಿ ಪಠ್ಯಪುಸ್ತಕವಿದ್ದೀತೆಂದು ಎಣಿಸಿದರೆ ಅದು ಪೌಲನ ಪತ್ರಗಳು! ಆ ಬರಹಗಳಿಗೆ ತಾನು ಬಹಳ ಗಮನ ಕೊಡುತ್ತಿದ್ದೇನೆಂದು ಅಗಸ್ಟೀನರು ಅವನಿಗೆ ಹೇಳುತ್ತಾರೆ. ಅಷ್ಟು ಹೊತ್ತಿಗೆ ಅವರು ಸಂತ ಅಂಬ್ರೋಸರ ವ್ಯಾಖ್ಯಾನಗಳನ್ನು ಸುಮಾರು ಎರಡು ವರ್ಷ ಕೇಳಿದ್ದರು. ತೋಟದಲ್ಲಿ ತೆರೆದದ್ದು ಅದೇ ಪುಸ್ತಕವನ್ನು. ಮನಃಪರಿವರ್ತನೆಯಾದ ಮೇಲಿನ ಪ್ರಸಂಗ ಇನ್ನೂ ರುಚಿಕರ. ಏನು ಓದಲಿ ಎಂದು ಕೇಳಿದಾಗ ಅಂಬ್ರೋಸರು ಯೆಶಾಯನನ್ನು ಸೂಚಿಸಿದರು; ಅಗಸ್ಟೀನರಿಗೆ ಆರಂಭವೇ ಅರ್ಥವಾಗಲಿಲ್ಲ. ಅರ್ಥವಾಗದಿದ್ದರೇನು, ನಾಟಿದ ಪದ ಹಿಡಿದು ಕೂರುತ್ತೇನೆ ಎನ್ನಲಿಲ್ಲ. ಪ್ರಭುವಿನ ಮಾತಿನ ರೀತಿಯಲ್ಲಿ ಇನ್ನಷ್ಟು ಪಳಗಿ ಆಮೇಲೆ ಓದುವೆನೆಂದು ಪುಸ್ತಕ ಮುಚ್ಚಿಟ್ಟರು.

ಅಧ್ಯಯನ ಕಡ್ಡಾಯ ಎಂದರೆ ಓದುಬರಹ ಬಾರದವರ, ಕೂಲಿಯವರ ಪ್ರಾರ್ಥನೆ ಕಿತ್ತುಕೊಂಡಂತಲ್ಲವೇ? ಈ ಆಕ್ಷೇಪದ ಹಿಂದೆ ಕರುಣೆಯಿದೆ, ಆದರೆ ಬಡವರ ಬಗ್ಗೆ ಕೀಳಂದಾಜೂ ಇದೆ. 4ನೆಯ ಶತಮಾನದಲ್ಲಿ ನೈಲ್ ನದಿಯ ಮೇಲ್ದಂಡೆಯಲ್ಲಿ ಸಂತ ಪಕೋಮಿಯಸ್ಸರ ಮಠಗಳಿಗೆ ಬಂದವರಲ್ಲಿ ಹೆಚ್ಚಿನವರು ಕಾಪ್ಟಿಕ್ ಮಾತಾಡುವ ರೈತಾಪಿ ಜನ. ಅಲ್ಲಿನ ನಿಯಮ ಹೀಗಿದೆ: ಅಕ್ಷರ ಬಾರದವನು ಬಂದರೆ ಮೊದಲು 20 ಕೀರ್ತನೆಗಳನ್ನೋ ಎರಡು ಪತ್ರಗಳನ್ನೋ ಬಾಯಿಪಾಠ ಮಾಡಿಸಬೇಕು, ಆಮೇಲೆ ದಿನಕ್ಕೆ ಮೂರು ಹೊತ್ತು ಅವನು ಕಲಿತವನೊಬ್ಬನ ಮುಂದೆ ನಿಂತು ಅಕ್ಷರ ಕಲಿಯಬೇಕು, ಇಷ್ಟವಿಲ್ಲದಿದ್ದರೂ ಕಲಿಸಬೇಕು, ಹೊಸ ಒಡಂಬಡಿಕೆ ಮತ್ತು ಕೀರ್ತನೆಗಳಾದರೂ ಕಂಠಸ್ಥವಿಲ್ಲದವರು ಮಠದಲ್ಲಿ ಇರಬಾರದು. ಬಡವನಿಗೆ ತುಣುಕು ಸಾಕು ಎಂದು ಪಕೋಮಿಯಸ್ಸರಿಗೆ ಅನ್ನಿಸಲಿಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರು ಶಾಲೆಗಳನ್ನೂ, 1841ರಲ್ಲಿ ಮುದ್ರಣಾಲಯವನ್ನೂ ತೆರೆದದ್ದರಲ್ಲಿ ಬೇರೆ ಉದ್ದೇಶಗಳು ಏನೇ ಇರಲಿ, ವಿಶ್ವಾಸಿಗಳು ಓದಬಲ್ಲವರಾಗಬೇಕು ಎಂಬ ಹಟವೂ ಇತ್ತು. ನಾನು ಅಧ್ಯಯನ ಎನ್ನುತ್ತಿರುವುದು ಡಿಗ್ರಿಯನ್ನಲ್ಲ, ಗ್ರೀಕ್, ಹೀಬ್ರೂಗಳನ್ನೂ ಅಲ್ಲ. ಮುಂದಿನ ಹಿಂದಿನ ಅಧ್ಯಾಯ ತಿಳಿದಿರುವುದು, ಯಾರು ಯಾರಿಗೆ ಹೇಳಿದ ಮಾತೆಂದು ಗೊತ್ತಿರುವುದು, ನೆನಪಿನಲ್ಲಿ ಸಾಕಷ್ಟು ಗ್ರಂಥ ಇರುವುದು. ಇದಕ್ಕೆ ಕಿವಿ ಸಾಕು. ಅಂತೋಣಿಯವರಿಗೆ ನೆನಪೇ ಪುಸ್ತಕವಾಗಿತ್ತು ಎನ್ನುತ್ತಾರೆ ಅಥನಾಸಿಯಸ್ಸರು. ಅರ್ಥ ವಿವರಿಸಿದರೆ ಭಾವ ಹಾರಿಹೋಗುತ್ತದೆ ಎನ್ನುವವರು ನಮ್ಮ ಗಮಕದ ಕಟ್ಟೆಯನ್ನಾದರೂ ನೆನೆಯಲಿ: ಕುಮಾರವ್ಯಾಸನನ್ನು ಗಮಕಿ ವಾಚಿಸುವಾಗ ಪಕ್ಕದಲ್ಲಿ ವ್ಯಾಖ್ಯಾನಕಾರರು ಕೂತಿರುತ್ತಾರೆ, ಅವರಿಂದ ರಸ ಕೆಟ್ಟಿತೆಂದು ಯಾವ ಹಳ್ಳಿಯ ಕೇಳುಗರೂ ದೂರಿದ್ದಿಲ್ಲ.

ಎಲ್ಲಕ್ಕಿಂತ ಬಲವಾದ ಆಕ್ಷೇಪ ಬೇರೆ ಕಡೆಯಿಂದ ಬರುತ್ತದೆ. ನೀವು ಹೊಗಳುವ ಸನ್ಯಾಸಿಗಳೇ ಪಠ್ಯದ ಅರ್ಥಕ್ಕೆ ಕಟ್ಟುಬಿದ್ದವರಲ್ಲವಲ್ಲ? ಸಂತ ಬರ್ನಾರ್ಡರು 1135ರಿಂದ 1153ರಲ್ಲಿ ಸಾಯುವವರೆಗೆ ಪರಮಗೀತೆಯ ಮೇಲೆ 86 ಪ್ರಬೋಧನೆ ರಚಿಸಿ ಮೂರನೆಯ ಅಧ್ಯಾಯದ ಆರಂಭಕ್ಕಷ್ಟೇ ತಲುಪಿದರು. ಪ್ರೇಮಗೀತೆಯ ಪ್ರತಿ ಮುತ್ತಿಗೂ ಆತ್ಮದ ಅರ್ಥ ಹಚ್ಚಿದರು. ಅವರಿಗಿಲ್ಲದ ಅಂಕೆ ನಮಗೇಕೆ? ಅವರ ರೂಪಕಾರ್ಥಗಳು ಎಷ್ಟೋ ಕಡೆ ಎಳೆದು ತಂದವು ಎಂಬುದನ್ನು ಒಪ್ಪುತ್ತೇನೆ. ಆದರೆ ಅಂಕೆ ಇರಲಿಲ್ಲ ಎಂಬುದು ಸರಿಯಲ್ಲ. ಬರ್ನಾರ್ಡರ ಒಂದು ಪುಟ ತೆಗೆದರೆ ಅದು ಬೈಬಲಿನ ಮಾತುಗಳಿಂದಲೇ ನೇಯ್ದದ್ದು. ಒಂದು ವಚನದ ಅರ್ಥವನ್ನು ಇನ್ನೊಂದು ವಚನ ತಡೆಯುತ್ತದೆ, ತಿದ್ದುತ್ತದೆ. ಅವರು ಬರೆದದ್ದು ಸಮುದಾಯದ ಮುಂದೆ, ಸಭೆಯ ವಿಶ್ವಾಸದ ಚೌಕಟ್ಟಿನಲ್ಲಿ. ಆ ರೂಪಕಗಳು ತೋರಿಸುವುದು ಕ್ರಿಸ್ತರನ್ನು, ಸಭೆಯನ್ನು, ಆತ್ಮದ ಯಾತ್ರೆಯನ್ನು. ಬರ್ನಾರ್ಡರ ಆ ವಾರದ ಕಾಗದಪತ್ರಗಳನ್ನಲ್ಲ. ಮೇಲಾಗಿ ಆ ಕಾಲದವರೇ ಈ ರೋಗವನ್ನು ಗುರುತಿಸಿ ಬೈದಿದ್ದಾರೆ. ಪ್ಯಾರಿಸ್ಸಿನ ಸೇಂಟ್ ವಿಕ್ಟರ್ ಮಠದ ಹ್ಯೂ ಅವರು 1120ರ ದಶಕದ ‘ಡಿಡಸ್ಕಾಲಿಕಾನ್’ ಗ್ರಂಥದಲ್ಲಿ ಓದು, ಮನನ, ಪ್ರಾರ್ಥನೆ, ಕಾರ್ಯ, ದರ್ಶನ ಎಂದು ಗೀಗೊ ಅವರಿಗಿಂತ ಮೊದಲೇ ಕ್ರಮ ಹೇಳಿದವರು. ಮೊದಲು ಇತಿಹಾಸ ಕಲಿಯಿರಿ, ಯಾರು, ಏನು, ಯಾವಾಗ, ಎಲ್ಲಿ ಎಂಬುದನ್ನು ನೆನಪಿನಲ್ಲಿಡಿ, ಅಡಿಪಾಯ ಹಾಕದೆ ರೂಪಕಾರ್ಥದ ಮಾಳಿಗೆ ಎಬ್ಬಿಸಬೇಡಿ ಎಂಬುದು ಅವರ ಬೋಧನೆ. ಯಾರು ಯಾರಿಗೆ ಬರೆದರೆಂದು ತಲೆ ಕೆಡಿಸಿಕೊಳ್ಳಬೇಡಿ ಎನ್ನುವ ಕೈಪಿಡಿಗಳು ಹ್ಯೂ ಅವರ ಕೈಗೆ ಸಿಕ್ಕಿದ್ದರೆ ಏನಾಗುತ್ತಿತ್ತೋ.

ಹಾಗಾದರೆ ಈ ರೂಢಿ ಬಂದದ್ದೆಲ್ಲಿಂದ? ಎರಡನೆಯ ವ್ಯಾಟಿಕನ್ ಮಹಾಸಭೆ 1965ರ ನವೆಂಬರ್ 18ರಂದು ‘ದೇಯಿ ವೆರ್ಬುಮ್’ ದಸ್ತಾವೇಜಿನ ಮೂಲಕ ಪ್ರಾರ್ಥನೆಯೊಡನೆ ಬೈಬಲ್ ಓದಿ ಎಂದು ಕ್ಯಾಥೋಲಿಕರೆಲ್ಲರಿಗೂ ಕರೆ ಕೊಟ್ಟಿತು. ಜನ ಬಂದರು, ಆದರೆ ಓದಿನ ತರಬೇತಿ ಅವರ ಹಿಂದೆ ಅಷ್ಟು ಬೇಗ ಬರಲಿಲ್ಲ. 1970ರ ದಶಕದಲ್ಲಿ ಅಮೆರಿಕದ ಮ್ಯಾಸಚೂಸೆಟ್ಸಿನ ಸ್ಪೆನ್ಸರ್ ಮಠದ ಟ್ರ್ಯಾಪಿಸ್ಟ್ ಸನ್ಯಾಸಿಗಳು ಒಂದು ಪವಿತ್ರ ಪದವನ್ನು ಆಸರೆಯಾಗಿಟ್ಟುಕೊಂಡು ಯೋಚನೆಗಳನ್ನು ಹೋಗಬಿಡುವ ‘ಸೆಂಟರಿಂಗ್ ಪ್ರೇಯರ್’ ರೂಪಿಸಿದರು. ಅದು ಬೇರೆಯೇ ಒಂದು ಸಾಧನೆ. ಅದರ ಒಳಿತು ಕೆಡುಕು ಇಲ್ಲಿನ ವಿಷಯವಲ್ಲ. ಅದರ ನೆರಳು ದಿವ್ಯ ಪಠಣದ ಮೇಲೆ ಬಿದ್ದು, ಎರಡೂ ಒಂದೇ ಎಂಬಂತಾಯಿತು. ವಿಚಿತ್ರವೆಂದರೆ ದಿವ್ಯ ಪಠಣವನ್ನು ಕಂಡರಾಗದ ಕೆಲವು ಪ್ರೊಟೆಸ್ಟೆಂಟ್ ಟೀಕಾಕಾರರೂ ಇದೇ ಚಿತ್ರವನ್ನು ನಂಬಿದ್ದಾರೆ: ಇದು ಬುದ್ಧಿಯನ್ನು ಬರಿದು ಮಾಡುವ ತಂತ್ರ, ಆದ್ದರಿಂದ ಬೇಡ ಎನ್ನುತ್ತಾರೆ. ಅವರ ಲೂಥರ್ ಅವರೇ 1535ರಲ್ಲಿ ತಮ್ಮ ಕ್ಷೌರಿಕ ಪೀಟರನಿಗಾಗಿ ಪ್ರಾರ್ಥನೆಯ ಸರಳ ಕ್ರಮವೊಂದನ್ನು ಬರೆದುಕೊಟ್ಟಿದ್ದರು. ಹತ್ತು ಆಜ್ಞೆಗಳಲ್ಲಿ ಒಂದೊಂದನ್ನೂ ಎತ್ತಿಕೊಂಡು ನಾಲ್ಕು ಎಳೆಯ ಮಾಲೆ ಹೆಣೆಯಬೇಕು: ಇದು ಏನನ್ನು ಕಲಿಸುತ್ತದೆ, ಯಾವುದಕ್ಕೆ ಕೃತಜ್ಞತೆ, ಯಾವುದರ ತಪ್ಪೊಪ್ಪಿಗೆ, ಯಾವ ಬೇಡಿಕೆ. ಮೊದಲ ಎಳೆ ಕಲಿಕೆಯೇ. ನಡುವೆ ಪವಿತ್ರಾತ್ಮರೇ ಒಳಗೆ ಬೋಧಿಸತೊಡಗಿದರೆ ಮಿಕ್ಕದ್ದನ್ನು ಬಿಟ್ಟು ಸುಮ್ಮನೆ ಆಲಿಸು ಎಂದೂ ಲೂಥರ್ ಹೇಳುತ್ತಾರೆ. ಅದು ಆಜ್ಞೆಯನ್ನು ಅರಿಯಲು ಹೊರಟವನಿಗೆ ಹೇಳಿದ ಮಾತು. ಕ್ಯಾಥೋಲಿಕ್ ಅಧಿಕೃತ ಬೋಧನೆಯೂ ಈ ವಿಷಯದಲ್ಲಿ ಸ್ಪಷ್ಟ. 2010ರ ‘ವೆರ್ಬುಮ್ ದೋಮಿನಿ’ಯಲ್ಲಿ ಜಗದ್ಗುರು ಹದಿನಾರನೆಯ ಬೆನೆಡಿಕ್ಟರು ದಿವ್ಯ ಪಠಣದ ಮೊದಲ ಮೆಟ್ಟಿಲಲ್ಲಿ ಇಡುವ ಪ್ರಶ್ನೆ, ಪಠ್ಯ ಸ್ವತಃ ಏನು ಹೇಳುತ್ತದೆ ಎಂಬುದು. ಇದನ್ನು ಬಿಟ್ಟರೆ ನಮ್ಮದೇ ಯೋಚನೆಗಳಿಂದ ಆಚೆ ಹೋಗದಿರಲು ಪಠ್ಯ ಒಂದು ನೆಪವಾದೀತು ಎಂದು ಎಚ್ಚರಿಸುತ್ತಾರೆ. 1980ರಿಂದ ಮಿಲಾನಿನ ಮುಖ್ಯ ಚರ್ಚಿನಲ್ಲಿ ಸಾವಿರಾರು ಯುವಜನರನ್ನು ಕೂರಿಸಿಕೊಂಡು ಈ ಪ್ರಾರ್ಥನೆಯನ್ನು ಕಲಿಸಿದ ಕಾರ್ಡಿನಲ್ ಕಾರ್ಲೊ ಮಾರಿಯ ಮಾರ್ತೀನಿ ಅವರ ಪೂರ್ವಾಶ್ರಮದ ವೃತ್ತಿ ಯಾವುದು? ಗ್ರೀಕ್ ಹೊಸ ಒಡಂಬಡಿಕೆಯ ಪಾಠಾಂತರಗಳ ಪರಿಷ್ಕರಣೆ. ವಿದ್ವಾಂಸರು ಜಗತ್ತಿನಾದ್ಯಂತ ಬಳಸುವ ಗ್ರೀಕ್ ಪಠ್ಯದ ಸಂಪಾದಕರಲ್ಲಿ ಅವರೂ ಒಬ್ಬರು. ಅಕ್ಷರ ಅಕ್ಷರವನ್ನು ತೂಗುವ ಕಸುಬು ಅವರ ಪ್ರಾರ್ಥನೆಗೆ ಅಡ್ಡ ಬರಲಿಲ್ಲ.

ಉಳಿದದ್ದು ಸಮಯದ ಮಾತು. ಬೆಳಗಿನ ಬಸ್ಸು ಹಿಡಿಯಬೇಕಾದ ಮನುಷ್ಯನಿಗೆ ಸನ್ಯಾಸಿಯ ಎರಡು ಮೂರು ತಾಸು ಎಲ್ಲಿಂದ ಬರಬೇಕು? ಬರಬೇಕಿಲ್ಲ. ಸಂತ ಬೆನೆಡಿಕ್ಟರ ನಿಯಮದಲ್ಲಿ ಉಳಿಸಿಕೊಳ್ಳಬೇಕಾದದ್ದು ತಾಸುಗಳ ಲೆಕ್ಕವನ್ನಲ್ಲ, ಕ್ರಮವನ್ನು. ದಿನಕ್ಕೆ ಕಾಲು ಗಂಟೆಯೇ ಇರಲಿ, ನಿನ್ನೆ ಬಿಟ್ಟಲ್ಲಿಂದ ಇವತ್ತು ಮುಂದುವರಿದರೆ ಅದು ಓದು. ದಿನಕ್ಕೊಂದು ಕಡೆ ಬೆರಳಿಟ್ಟರೆ ಅದು ಶಕುನ ಕೇಳುವುದು. ಕ್ಯಾಥೋಲಿಕರಿಗಂತೂ ದಾರಿ ಸಿದ್ಧವಾಗಿದೆ: 1969ರಿಂದ ಭಾನುವಾರದ ವಾಚನಗಳು ಮೂರು ವರ್ಷಗಳ ಚಕ್ರದಲ್ಲಿ ಮತ್ತಾಯ, ಮಾರ್ಕ, ಲೂಕರನ್ನು ಹೆಚ್ಚುಕಡಿಮೆ ಅನುಕ್ರಮವಾಗಿ ನಡೆಸಿಕೊಂಡು ಹೋಗುತ್ತವೆ. ಧ್ಯಾನಕೂಟ ನಡೆಸುವ ಫಾದರುಗಳಲ್ಲಿ, ಸಿಸ್ಟರುಗಳಲ್ಲಿ, ಪಾಸ್ಟರುಗಳಲ್ಲಿ ನನ್ನ ವಿನಂತಿ ಇಷ್ಟೇ. ಮುಂದಿನ ಸಲ ಝೆರಾಕ್ಸ್ ಮಾಡಿದ ನಾಲ್ಕು ವಚನಗಳ ಚೀಟಿ ಹಂಚಬೇಡಿ. ಒಂದು ಇಡೀ ಪುಸ್ತಕ ಕೊಡಿ, ಮೊದಲ ಕೂಟವನ್ನು ಅದನ್ನು ಆದ್ಯಂತ ಗಟ್ಟಿಯಾಗಿ ಓದುವುದಕ್ಕೇ ಮೀಸಲಿಡಿ, ಅರ್ಥವಾಗದ್ದನ್ನು ಕೇಳಲು ಬಿಡಿ, ಮೌನ ಆಮೇಲಿರಲಿ. ಮಾರ್ಕನ ಶುಭಸಂದೇಶದಲ್ಲಿ ಇರುವುದು 16 ಅಧ್ಯಾಯ; ಗಟ್ಟಿಯಾಗಿ ಓದಿದರೂ ಎರಡು ಗಂಟೆಯೊಳಗೆ ಮುಗಿಯುತ್ತದೆ.